ವಿರಾಮಕಾಲವೂ ಅನರ್ಥದಂಡವೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ನಮ್ಮ ಸಭೆ-ಸಮಾರಂಭಗಳಲ್ಲಿ ಅತ್ಯಂತ ಕಡಿಮೆ ಚರ್ಚೆಗೆ ಬರುವುದು ಅನರ್ಥದಂಡವಿರತಿ. ಆದರೆ ಹೆಸರೆತ್ತದೆಯೇ ನಮ್ಮ ಮನೆಗಳಲ್ಲಿ ದಿನವೂ ಪ್ರಯೋಗವಾಗುತ್ತಿರುವ ವ್ರತವೂ ಅದೇ. ಹದಿನೈದು ವರ್ಷದ ಮಗನೋ ಮಗಳೋ ಚಲನಚಿತ್ರ ನೋಡುತ್ತ ಕುಳಿತಿರುವಾಗ "ಇದರಿಂದ ನಿನಗೇನು ಪ್ರಯೋಜನ?" ಎಂದು ಹಿರಿಯರು ಕೇಳುತ್ತಾರಷ್ಟೆ. ಆ ಪ್ರಶ್ನೆ ಈ ವ್ರತದ ಹೃದಯದಲ್ಲಿರುವ ಪ್ರಶ್ನೆಯೇ ಆಗಿದೆ. ಪ್ರಯೋಜನವಿಲ್ಲದೆ ಮನಸ್ಸು, ಮಾತು, ದೇಹಗಳನ್ನು ಪಾಪದ ಕಡೆಗೆ ಹರಿಯಬಿಡುವುದು ಅನರ್ಥದಂಡ. ಅದರಿಂದ ಹಿಂದೆಗೆಯುವುದು ವ್ರತ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪ್ರಕೃತ ವಿಷಯಕ್ಕೆ ಕೊನೆಯ ಎರಡು ಮುಖ್ಯ. ರಾಗ, ದ್ವೇಷ, ಮದ, ಕಾಮ, ಸಾಹಸ ಮುಂತಾದವುಗಳಿಂದ ಚಿತ್ತವನ್ನು ಕದಡುವ ಕಥೆಗಳನ್ನು ಕೇಳುವುದು ದುಃಶ್ರುತಿ. ವ್ಯರ್ಥವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಪ್ರಮಾದಚರ್ಯೆ; ಸುಮ್ಮನೆ ಅಲೆಯುವುದು ಮತ್ತು ಇತರರನ್ನು ಅಲೆಯಿಸುವುದೂ ಅದರಲ್ಲಿ ಸೇರಿದೆ. ಇಷ್ಟನ್ನು ಓದಿದವರಿಗೆ ಚಲನಚಿತ್ರ, ಕಾದಂಬರಿ, ನಾಟಕ, ಪ್ರವಾಸ ನಾಲ್ಕೂ ಒಂದೇ ಬಲೆಗೆ ಬಿದ್ದಂತೆ ತೋರಿದರೆ ಆಶ್ಚರ್ಯವಿಲ್ಲ. ಹಾಗೆಂದೇ ಖಚಿತವಾಗಿ ನಂಬಿ, ಮಕ್ಕಳ ವಿರಾಮಕಾಲವನ್ನೆಲ್ಲ ಪಾಪದ ಲೆಕ್ಕಕ್ಕೆ ಬರೆಯುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಅಭಿಪ್ರಾಯವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದು ಸುಲಭ. ಆದರೆ ಅವರು ಹಿಡಿದಿರುವುದು ಆಚಾರ್ಯರ ವಚನವನ್ನು. ಆದುದರಿಂದ ಆ ವಚನವನ್ನೇ ಇನ್ನಷ್ಟು ಹತ್ತಿರದಿಂದ ನೋಡಬೇಕು.

ಚಿಕ್ಕಬಳ್ಳಾಪುರ ಜಿಲ್ಲೆಯ ಮಂಡಿಕಲ್ಲಿನಂಥ ಊರನ್ನು ಎದುರಿಗಿಟ್ಟುಕೊಂಡು ಈ ವಿಚಾರ ಮಾಡುವುದು ಒಳ್ಳೆಯದು. ಬೆಂಗಳೂರಿನ ಮಕ್ಕಳಿಗಿರುವ ಆಯ್ಕೆಗಳು ಅಲ್ಲಿಲ್ಲ. ಆದರೆ ವಿರಾಮಕಾಲವೇ ಇಲ್ಲವೆಂದಲ್ಲ. ಕನ್ನಡ-ತೆಲುಗು ಎರಡೂ ಬಾಯಲ್ಲಿ ಆಡುವ ಆ ಸೀಮೆಯಲ್ಲಿ ಎರಡೂ ಭಾಷೆಗಳ ಚಿತ್ರಗಳು ಮೊಬೈಲಿನಲ್ಲಿ ಅಂಗೈಗೇ ಬಂದಿವೆ. ಹಳ್ಳಿಗಳಲ್ಲಿ ಊರವರೇ ಬಣ್ಣ ಹಚ್ಚಿ, ಹಾರ್ಮೋನಿಯಂ ಮೇಷ್ಟರ ಕೈಕೆಳಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಇರುಳೆಲ್ಲ ಆಡುವ 'ಕುರುಕ್ಷೇತ್ರ' ನಾಟಕವಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಪೇರೇಸಂದ್ರದ ಕಡೆ ಆವಲಬೆಟ್ಟ, ಇತ್ತ 1478 ಮೀಟರ್ ಎತ್ತರದ ನಂದಿಬೆಟ್ಟ. ಭಾನುವಾರ ಸೂರ್ಯೋದಯಕ್ಕೆ ಮುಂಚೆ ನಂದಿಯ ದಾರಿಯಲ್ಲಿ ಸಾಲುಗಟ್ಟುವ ವಾಹನಗಳನ್ನೂ, ಆವಲಬೆಟ್ಟದ ಚಾಚುಬಂಡೆಯ ತುದಿಯಲ್ಲಿ ಭಾವಚಿತ್ರಕ್ಕಾಗಿ ಪ್ರಾಣವನ್ನೇ ಪಣವಿಟ್ಟು ನಿಲ್ಲುವ ತರುಣರನ್ನೂ ಕಂಡರೆ, ಪ್ರಮಾದಚರ್ಯೆಯೆಂಬ ಪದವನ್ನು ಆಚಾರ್ಯರು ಎಷ್ಟು ದೂರದೃಷ್ಟಿಯಿಂದ ಇಟ್ಟರೆಂದು ಅನಿಸದಿರದು. ಇದೇ ನಂದಿಯ ಮಗ್ಗುಲಿನ ಗೋಪಿನಾಥ ಬೆಟ್ಟದ ಪ್ರಾಚೀನ ಶಾಸನವೊಂದು ಅಲ್ಲಿದ್ದ ಅರ್ಹಂತರ ಚೈತ್ಯಾಲಯವನ್ನು ಕೊಂಡಾಡುತ್ತದೆ. ಅದೇ ಬೆಟ್ಟದ ಸಾಲನ್ನು ಹಿಂದೆ ಒಬ್ಬರು ವಂದನೆಗಾಗಿ ಏರಿದರು, ಇಂದು ಒಬ್ಬರು ವಿನೋದಕ್ಕಾಗಿ ಏರುತ್ತಾರೆ. ಏರಿದ ಕಾಲುಗಳಲ್ಲಿ ವ್ಯತ್ಯಾಸವಿಲ್ಲ.

ಹಾಗಾದರೆ 'ಅರ್ಥ' ಎಂದರೇನು, ಯಾವುದು 'ಅನರ್ಥ'? ನಮ್ಮ ಮನೆಗಳಲ್ಲಿ ಪ್ರಯೋಜನವನ್ನು ಅಳೆಯುವ ಕೋಲು ಒಂದೇ: ಅಂಕಪಟ್ಟಿ. ಅಂಕ ತಾರದ ಓದು ವ್ಯರ್ಥ, ಅಂಕ ತರುವ ಓದು ಸಾರ್ಥಕ. ಸೂಕ್ಷ್ಮವಾಗಿ ಹೇಳುವುದಾದರೆ ಇದು ಸಮಂತಭದ್ರರ ಮಾನದಂಡವಲ್ಲ, ವ್ಯಾಪಾರಿಯ ಮಾನದಂಡ. ಸಹಪಾಠಿಯ ಮೇಲಿನ ಮಾತ್ಸರ್ಯದಿಂದ ರಾತ್ರಿಯೆಲ್ಲ ಓದಿ ಮೊದಲ ಸ್ಥಾನ ಪಡೆದ ಬಾಲಕನ ಚಿತ್ತದಲ್ಲಿ ಆದದ್ದು ಕರ್ಮಬಂಧವೇ. ಒಂದು ಕಥೆಯನ್ನು ಓದಿ ಇನ್ನೊಬ್ಬರ ದುಃಖಕ್ಕೆ ಕಣ್ಣು ತೇವಗೊಂಡ ಬಾಲಕಿಯ ಚಿತ್ತ ಅಷ್ಟರಮಟ್ಟಿಗೆ ಮೃದುವಾಯಿತು. ಇವರಿಬ್ಬರಲ್ಲಿ ಕಾಲವನ್ನು ವ್ಯರ್ಥಮಾಡಿದವರು ಯಾರು? ಪರಿಣಾಮದ ಶುದ್ಧಿಯನ್ನು ನೋಡದೆ ಕ್ರಿಯೆಯ ಹೆಸರನ್ನು ಮಾತ್ರ ನೋಡಿ ತೀರ್ಪು ಕೊಡುವುದು ಜೈನ ರೀತಿಯಲ್ಲ.

ಕಥೆಯನ್ನು ನಮ್ಮ ಪರಂಪರೆ ಎಂದೂ ಹೊರಗಿಟ್ಟಿಲ್ಲವೆಂಬುದನ್ನೂ ನೆನೆಯಬೇಕು. ಶ್ರುತವನ್ನು ನಾಲ್ಕು ಅನುಯೋಗಗಳಾಗಿ ವಿಭಾಗಿಸಿದಾಗ ಮಹಾಪುರುಷರ ಚರಿತೆಗಳಿಗೆ ಪ್ರಥಮಾನುಯೋಗವೆಂದೇ ಹೆಸರಿಟ್ಟರು. ಕರಣಾನುಯೋಗದ ಗಣಿತವನ್ನೂ ದ್ರವ್ಯಾನುಯೋಗದ ತತ್ತ್ವವನ್ನೂ ತಲುಪುವ ಮುನ್ನ ಮನಸ್ಸು ಕಥೆಯ ಬಾಗಿಲಿನಿಂದ ಒಳಗೆ ಬರಲಿ ಎಂಬುದು ಇದರ ಭಾವ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣವಿಲ್ಲದ ಕಾಲದಲ್ಲಿ, ಒಂದೊಂದು ಓಲೆಯನ್ನೂ ಕೈಯಿಂದ ಕೊರೆಯಬೇಕಾದಾಗ, ಆಕೆ ಆರಿಸಿಕೊಂಡದ್ದು ಒಂದು ಕಾವ್ಯವನ್ನು. ಆದಿನಾಥರ ಚರಿತೆಯಲ್ಲಿಯೂ ವೃಷಭದೇವನು ತನ್ನ ಮಕ್ಕಳಿಗೆ ಕೊಟ್ಟ ವಿದ್ಯೆಗಳಲ್ಲಿ ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕ ಎಂಬುದನ್ನಷ್ಟೇ ನಾವು ನೆನಪಿಟ್ಟುಕೊಂಡಿದ್ದೇವೆ. ಭರತನಿಗೆ ಅರ್ಥಶಾಸ್ತ್ರದೊಡನೆ ನಾಟ್ಯಶಾಸ್ತ್ರ, ವೃಷಭಸೇನನಿಗೆ ಗಾಂಧರ್ವ, ಅನಂತವಿಜಯನಿಗೆ ಚಿತ್ರಕಲೆ ದೊರೆತದ್ದನ್ನು ಮರೆತಿದ್ದೇವೆ. ಅಂಕಪಟ್ಟಿಯ ಕಾಲದಲ್ಲಿ ಅಂಕ ಮಾತ್ರ ಉಳಿದದ್ದು ಸಹಜವೇನೋ!

ಅದೇ ಚರಿತೆಯಲ್ಲಿ ನೀಲಾಂಜನೆಯ ಪ್ರಸಂಗವಿದೆ. ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದಿಂದ ಅದು ಕನ್ನಡಿಗರಿಗೆಲ್ಲ ಪರಿಚಿತ. ವೃಷಭದೇವನ ಆಸ್ಥಾನದಲ್ಲಿ ಇಂದ್ರನ ಏರ್ಪಾಟಿನಂತೆ ನೀಲಾಂಜನೆ ನರ್ತಿಸುತ್ತಾಳೆ. ನಡುವೆ ಆಕೆಯ ಆಯುಷ್ಯ ಮುಗಿದು ದೇಹ ಮಿಂಚಿನಂತೆ ಮರೆಯಾಗುತ್ತದೆ. ರಸಭಂಗವಾಗದಂತೆ ಇಂದ್ರನು ಕ್ಷಣದಲ್ಲಿ ಅಂಥದೇ ಇನ್ನೊಂದು ರೂಪವನ್ನು ಸೃಷ್ಟಿಸಿ ನಿಲ್ಲಿಸುತ್ತಾನೆ. ತುಂಬಿದ ಸಭೆಗೆ ಏನೂ ತಿಳಿಯಲಿಲ್ಲ. ನೃತ್ಯ ಮುಂದುವರಿಯಿತೆಂದೇ ಎಲ್ಲರೂ ಸುಖಿಸಿದರು. ವೃಷಭದೇವನೊಬ್ಬನು ಕಂಡನು, ವೈರಾಗ್ಯ ತಳೆದನು. ಇಲ್ಲಿ ವಿಚಾರಿಸಬೇಕಾದದ್ದು ಒಂದಿದೆ. ಸಭೆ ನೋಡಿದ್ದೂ ಅವನು ನೋಡಿದ್ದೂ ಒಂದೇ ನೃತ್ಯವನ್ನು. ದೋಷವಾಗಲಿ ಗುಣವಾಗಲಿ ರಂಗದ ಮೇಲಿರಲಿಲ್ಲ, ನೋಟದಲ್ಲಿತ್ತು. ಪ್ರಥಮ ತೀರ್ಥಂಕರನ ದೀಕ್ಷೆಗೆ ನಿಮಿತ್ತವಾದದ್ದು ಒಂದು ರಂಗಪ್ರದರ್ಶನ ಎಂಬುದು ನಾಟಕವನ್ನು ಸಾರಾಸಗಟಾಗಿ ನಿಷೇಧಿಸುವವರಿಗೆ ತೊಡಕಿನ ಸಂಗತಿ.

ವೃಷಭದೇವನು ಅವಧಿಜ್ಞಾನಿ, ನಮ್ಮ ಮನೆಯ ಹುಡುಗನು ಒಂಬತ್ತನೆಯ ತರಗತಿಯವನು, ಹೋಲಿಕೆ ಎಲ್ಲಿಯದು ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಆಕ್ಷೇಪ. ಆದರೆ 84 ಲಕ್ಷ ಪೂರ್ವಗಳ ಆಯುಷ್ಯದಲ್ಲಿ 83 ಲಕ್ಷ ಪೂರ್ವಗಳು ಕಳೆದ ಬಳಿಕ ಆ ಸ್ವಾಮಿಗೂ ಆ ಕ್ಷಣ ಒದಗಿತು. ಅದರಲ್ಲಿ 20 ಲಕ್ಷ ಪೂರ್ವಗಳು ಕುಮಾರಕಾಲ. ಹದಿನೈದನೆಯ ವರ್ಷದಲ್ಲಿಯೇ ವೈರಾಗ್ಯ ಮೂಡಲಿಲ್ಲವೆಂದು ಕೊರಗುವ ತಂದೆತಾಯಿಗಳು ಈ ಲೆಕ್ಕವನ್ನು ಒಮ್ಮೆ ನೋಡಬಹುದು.

ಇಷ್ಟರಿಂದ ಎಲ್ಲ ಚಿತ್ರ, ಎಲ್ಲ ನಾಟಕ ನಿರ್ದೋಷವೆಂದು ಹೇಳಿದಂತಾಗಲಿಲ್ಲ. ನಿಜವಾದ ಕಷ್ಟ ಹಿಂಸೆಯ ದೃಶ್ಯಗಳಲ್ಲಿದೆ. ತೆರೆಯ ಮೇಲೆ ಸತ್ತವರು ಯಾರೂ ಸತ್ತಿಲ್ಲ, ರಕ್ತ ಬಣ್ಣದ ನೀರು, ಆದುದರಿಂದ ನೋಡುವವನಿಗೆ ಪಾಪವೆಲ್ಲಿಯದು ಎಂದು ಬುದ್ಧಿವಂತ ಮಕ್ಕಳು ಕೇಳುತ್ತಾರೆ. ಈ ವಾದಕ್ಕೆ ಜನ್ನನು 1209ರಲ್ಲಿ ಬರೆದ ಯಶೋಧರಚರಿತೆಗಿಂತ ಗಟ್ಟಿಯಾದ ಉತ್ತರ ನನಗೆ ತಿಳಿದಂತೆ ಬೇರೊಂದಿಲ್ಲ. ಜೀವಬಲಿಗೆ ಒಪ್ಪದ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿಕೊಡುತ್ತಾನೆ. ಹಿಟ್ಟಿಗೆ ಜೀವವಿಲ್ಲ. ಆದರೂ ಕತ್ತಿಯೆತ್ತಿದ ಕೈಯ ಹಿಂದೆ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪವೇ ತಾಯಿಮಗನನ್ನು ಭವಭವಗಳ ಪ್ರಾಣಿಜನ್ಮಗಳಲ್ಲಿ ತಿರುಗಿಸಿತು. ದ್ರವ್ಯಹಿಂಸೆಯಿಲ್ಲದೆಯೂ ಭಾವಹಿಂಸೆ ಪೂರ್ಣವಾಗಬಲ್ಲದು. ಗಿರೀಶ ಕಾರ್ನಾಡರು ಈ ಕಥೆಯನ್ನೇ 'ಹಿಟ್ಟಿನ ಹುಂಜ'ವೆಂಬ ನಾಟಕವಾಗಿಸಿದರು. ಬೆಳೆದ ಮಕ್ಕಳ ಕೈಗೆ ಜನ್ನನನ್ನೂ ಈ ನಾಟಕವನ್ನೂ ಒಟ್ಟಿಗೆ ಕೊಟ್ಟು, ಎರಡರ ಅಂತರವನ್ನು ಅವರೇ ಹೇಳಲಿ ಎಂದು ಬಿಡುವುದು ಒಂದು ಒಳ್ಳೆಯ ಪಾಠವಾದೀತು.

ಆದರೆ ಪ್ರೇಕ್ಷಕನು ಯಶೋಧರನೆ? ಕತ್ತಿ ಎತ್ತಿದವನು ಅವನಲ್ಲ, ಎತ್ತಿಸಿದವನೂ ಅಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಅವನಿಗೆ ಉಳಿದಿರುವುದು ಕೊನೆಯದು. ಅನುಮೋದನೆ ಎಲ್ಲಿ ಆಗುತ್ತದೆಂಬುದನ್ನು ಕಾಣಲು ಶಾಸ್ತ್ರಪಾಂಡಿತ್ಯ ಬೇಕಿಲ್ಲ. ಚಿತ್ರಮಂದಿರದಲ್ಲಿ ಸಿಳ್ಳೆ ಯಾವ ಕ್ಷಣದಲ್ಲಿ ಬೀಳುತ್ತದೆಂದು ಕಿವಿಗೊಟ್ಟರೆ ಸಾಕು. ತಲೆ ಉರುಳಿದಾಗ ಸಿಳ್ಳೆ ಬಿದ್ದರೆ ಅಲ್ಲಿ ಹಿಟ್ಟಿನ ಹುಂಜ ಕೂಗಿತು. ಅದೇ ಕೊಲೆಯನ್ನು ಕಂಡು ಎದೆ ನಡುಗಿ, ಸತ್ತವನ ಮನೆಯಲ್ಲಿ ಈಗ ಏನಾಗುತ್ತಿರಬಹುದೆಂಬ ಯೋಚನೆ ಹಾಯ್ದರೆ ಅಲ್ಲಿ ಅನುಮೋದನೆಯಿಲ್ಲ, ಅನುಕಂಪೆಯಿದೆ. ಕುರುಕ್ಷೇತ್ರ ನಾಟಕದಲ್ಲಿ ತೊಡೆಮುರಿದ ದುರ್ಯೋಧನನನ್ನು ಕಂಡು ಹಳ್ಳಿಯ ಮುದುಕರು ಕಣ್ಣೊರೆಸಿಕೊಳ್ಳುತ್ತಾರೆ. ಅವರು ರನ್ನನ ಹೆಸರು ಕೇಳಿರಲಿಕ್ಕಿಲ್ಲ; ಆದರೆ ಗದಾಯುದ್ಧದ ಕವಿ, ಆ ಜಿನಭಕ್ತ, ಸೋತವನ ದುಃಖಕ್ಕೆ ಕೊಟ್ಟ ಗೌರವ ಅವರ ಕಣ್ಣಲ್ಲಿ ಜೀವಂತವಾಗಿದೆ. ಆದುದರಿಂದ ಮಕ್ಕಳನ್ನು ಕೇಳಬೇಕಾದದ್ದು "ಏನು ನೋಡಿದೆ?" ಎಂದಷ್ಟೇ ಅಲ್ಲ, "ಎಲ್ಲಿ ನಿನಗೆ ಸಂತೋಷವಾಯಿತು?" ಎಂದೂ ಕೇಳಬೇಕು. ಹಾಗೆ ಕೇಳಬೇಕಾದರೆ ಹಿರಿಯರು ಜೊತೆಗೆ ಕುಳಿತು ನೋಡಿರಬೇಕು.

2015 ಮತ್ತು 2017ರಲ್ಲಿ ಎರಡು ಭಾಗಗಳಾಗಿ ಬಂದ 'ಬಾಹುಬಲಿ' ಚಿತ್ರ ತೆಲುಗು ಬಲ್ಲ ಈ ಸೀಮೆಯ ಮಕ್ಕಳೆಲ್ಲರಿಗೂ ಗೊತ್ತು. ಆ ಹೆಸರೆತ್ತಿದರೆ ಅವರ ಕಣ್ಣಮುಂದೆ ಬರುವುದು ಖಡ್ಗ ಹಿಡಿದ ವೀರ. ಇದಕ್ಕೆ ಸಿಟ್ಟಾಗಿ ಪ್ರಯೋಜನವಿಲ್ಲ. ಹೆಸರು ಯಾರೊಬ್ಬರ ಸ್ವತ್ತಲ್ಲ. ಅದನ್ನು ಅವಕಾಶವೆಂದೇ ತಿಳಿಯಬಹುದು. ಎರಡು ಸೇನೆಗಳು ಎದುರುಬದುರಾಗಿ ನಿಂತಾಗ, ಸಾವಿರಾರು ಜನ ಸಾಯುವುದೇಕೆಂದು ಮಂತ್ರಿಗಳು ತಡೆದು, ಅಣ್ಣತಮ್ಮಂದಿರು ಇಬ್ಬರೇ ದೃಷ್ಟಿ, ಜಲ, ಮಲ್ಲ ಯುದ್ಧಗಳಲ್ಲಿ ಸೆಣಸಿದ್ದು, ಮೂರರಲ್ಲಿಯೂ ಗೆದ್ದ ತಮ್ಮ ಗೆದ್ದ ರಾಜ್ಯವನ್ನು ಅಲ್ಲಿಯೇ ಬಿಟ್ಟು ನಡೆದದ್ದು — ಇದನ್ನು ಆ ಚಿತ್ರ ನೋಡಿ ಬಂದ ರಾತ್ರಿಯೇ ಹೇಳಿದರೆ ಮಗು ಕೇಳುತ್ತದೆ. ಹಾಗೆ ಕೇಳಿದ ಮಗು ಮುಂದೊಮ್ಮೆ ಶ್ರವಣಬೆಳಗೊಳದ 58 ಅಡಿಯ ಮೂರ್ತಿಯ ಮುಂದೆ ನಿಂತಾಗ, ಎರಡು ಬಾಹುಬಲಿಗಳಲ್ಲಿ ಯಾರು ಹೆಚ್ಚು ಬಲಶಾಲಿಯೆಂದು ತಾನಾಗಿ ತೂಗಿನೋಡುತ್ತದೆ.

ಎಲ್ಲವನ್ನೂ ನಿಷೇಧಿಸಿದ ಮನೆಗಳಲ್ಲಿ ಏನಾಗುತ್ತದೆಂದು ಬಲ್ಲವರು ಬಲ್ಲರು. ಮಕ್ಕಳು ನೋಡುವುದನ್ನು ಬಿಡುವುದಿಲ್ಲ, ಹೊದಿಕೆಯೊಳಗೆ ಮೊಬೈಲು ಹಿಡಿದು ನೋಡುತ್ತಾರೆ, ಕೇಳಿದರೆ ಪಾಠವೆನ್ನುತ್ತಾರೆ. ಹಾಸ್ಯ, ರತಿಗಳನ್ನು ನಮ್ಮ ಶಾಸ್ತ್ರ ನೋಕಷಾಯಗಳೆಂದು, ಅಂದರೆ ಕಿರುಕಷಾಯಗಳೆಂದು, ಕರೆದಿದೆ. ಮಾಯೆಯಾದರೋ ಕ್ರೋಧ, ಮಾನ, ಲೋಭಗಳ ಸಾಲಿನಲ್ಲಿ ನಿಂತ ಪೂರ್ಣ ಕಷಾಯ. ಕಿರಿದನ್ನು ತಡೆಯಹೋಗಿ ಹಿರಿದನ್ನು ಕಲಿಸಿದಂತಾಯಿತು. ಅದಕ್ಕಿಂತ ಭೋಗೋಪಭೋಗ ಪರಿಮಾಣದ ದಾರಿ ಎಷ್ಟೋ ಮೇಲು. ಆ ವ್ರತದ ಸೊಗಸೆಂದರೆ ಮಿತಿಯನ್ನು ತಾನೇ ಹಾಕಿಕೊಳ್ಳುವುದು, ಕಾಲವನ್ನು ಗೊತ್ತುಪಡಿಸಿ ಹಾಕಿಕೊಳ್ಳುವುದು. ಈ ಚಾತುರ್ಮಾಸದಲ್ಲಿ ವಾರಕ್ಕೆ ಒಂದು ಚಿತ್ರ, ಪರ್ವದಿನಗಳಲ್ಲಿ ಯಾವುದೂ ಇಲ್ಲ ಎಂದು ಮಗುವೇ ಬರೆದಿಟ್ಟುಕೊಂಡರೆ ಅದು ವ್ರತ. ತಂದೆ ಮೊಬೈಲು ಕಿತ್ತಿಟ್ಟರೆ ಅದು ಶಿಕ್ಷೆ. ತಂದೆಯೂ ತನ್ನ ವಾರ್ತಾವಾಹಿನಿಗಳ ಚರ್ಚೆಗೆ ಅಂಥದೊಂದು ಮಿತಿ ಹಾಕಿಕೊಂಡರೆ ಮಾತಿಗೆ ತೂಕ ಬರುತ್ತದೆ. ಆ ಚರ್ಚೆಗಳು ದುಃಶ್ರುತಿಯಲ್ಲವೆಂದು ಯಾವ ಪಂಡಿತರೂ ಸಾಧಿಸಲಾರರು.

ಪ್ರವಾಸದ ಬಗೆಗೆ ಬಸದಿಗಳ ಟ್ರಸ್ಟುಗಳಲ್ಲಿ ಒಂದು ವಿನಂತಿ. ಯುವಕರಿಗೆಂದು ನಾವು ಏರ್ಪಡಿಸುವ ಯಾತ್ರೆಗಳು ಬಸ್ಸಿನಿಂದ ಬಸದಿಗೆ, ಬಸದಿಯಿಂದ ಭೋಜನಕ್ಕೆ ಮುಗಿಯುತ್ತವೆ. ನಂದಿಗೆ ಹೋಗುವ ಮಕ್ಕಳನ್ನು ಅಲ್ಲಿಂದ ಶಿಡ್ಲಘಟ್ಟದವರೆಗೆ ಕರೆದೊಯ್ಯಬಹುದು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು ಅದು. ಬೆಳಿಗ್ಗೆ ರೈತರು ತಂದು ಸುರಿದ ಗೂಡುಗಳ ರಾಶಿಯನ್ನೂ, ರೀಲರುಗಳ ಮನೆಗಳಲ್ಲಿ ಕುದಿಯುವ ನೀರಿಗೆ ಬಿದ್ದ ಗೂಡಿನಿಂದ ಎಳೆ ಬಿಚ್ಚಿಕೊಳ್ಳುವುದನ್ನೂ, ಕೊನೆಯಲ್ಲಿ ಉಳಿಯುವ ಸತ್ತ ಹುಳುವನ್ನೂ ಮಕ್ಕಳು ನೋಡಲಿ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕೆಂಬುದನ್ನು ಲೆಕ್ಕ ಹಾಕಲಿ. ಆ ಕಸುಬಿನಿಂದ ಅನ್ನ ಕಾಣುವ ಸಾವಿರಾರು ಬಡ ಕುಟುಂಬಗಳ ಮುಖವನ್ನೂ ನೋಡಲಿ. ಅಹಿಂಸೆ ಘೋಷಣೆಯಷ್ಟು ಸರಳವಲ್ಲವೆಂದು ಆಗ ತಿಳಿಯುತ್ತದೆ. ಅಂಥ ಅಲೆದಾಟವನ್ನು ಸಮಂತಭದ್ರರು ವ್ಯರ್ಥವೆನ್ನುತ್ತಿರಲಿಲ್ಲವೆಂದು ನಂಬುತ್ತೇನೆ.

ಒಂದು ಎಚ್ಚರಿಕೆ ಮಾತ್ರ. ಹಿಂದಿರುಗುವ ದಾರಿಯಲ್ಲಿ, ಪೂಜೆಗೆ ಕೂಡುವಾಗ ಮನೆಯ ಹಿರಿಯರು ರೇಷ್ಮೆ ಉಡುವುದೇಕೆಂದು ಯಾವಳೋ ಒಬ್ಬ ಹುಡುಗಿ ಕೇಳಿಯೇ ಕೇಳುತ್ತಾಳೆ. ಜೊತೆಗೆ ಹೋಗುವ ಟ್ರಸ್ಟಿಗಳು ಆ ಪ್ರಶ್ನೆಗೆ ಬಸ್ಸು ಹತ್ತುವ ಮುಂಚೆಯೇ ಸಿದ್ಧರಾಗಿರಬೇಕು.