ಬೇಕಾದ ತುಕ್ಕು

ಬೈಕಿನ ಸೈಲೆನ್ಸರ್ ಹೊರಗಡೆ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಮನಸ್ಸಾದರೆ ಬಣ್ಣ ಹೊಡೆಸುತ್ತೇವೆ, ಇಲ್ಲವಾದರೆ ಹಾಗೇ ಬಿಡುತ್ತೇವೆ. ಒಳಗಡೆ ನಡೆಯುವ ತುಕ್ಕಿನ ವ್ಯವಹಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಗೆ ಸಾಗುವ ಆ ದಾರಿಯಲ್ಲಿ ಉಕ್ಕಿನ ಹಾಳೆಯದೊಂದು ಸುರುಳಿ ಕೂತಿದೆ. ಹಾಳೆಯ ದಪ್ಪ ಸಾಮಾನ್ಯವಾಗಿ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಇಪ್ಪತ್ತು ಪಾಲು ಮಾಡಿದರೆ ಅದರಲ್ಲಿ ಒಂದು. ಈಚೆಗೆ ಇದು 30 ಮೈಕ್ರಾನಿಗೂ ಇಳಿದಿದೆ. ಮಾಮೂಲಿ ಉಕ್ಕನ್ನು ಇಷ್ಟು ತೆಳುವಾಗಿ ಎಳೆದು 900 ಡಿಗ್ರಿ ಸೆಲ್ಸಿಯಸ್ ಹೊಗೆಗೆ ಒಡ್ಡಿದರೆ ಬಹುಬೇಗ ಪುಡಿಪುಡಿಯಾಗಿ ಉದುರೀತು. ಇದು ಮಾತ್ರ ವರ್ಷಗಟ್ಟಲೆ ನಿಲ್ಲುತ್ತದೆ. ತುಕ್ಕು ಹಿಡಿಯುವುದಿಲ್ಲವೆಂದೇನೂ ಅಲ್ಲ. ಮೊದಲ ದಿನವೇ ಹಿಡಿಯುತ್ತದೆ, ಹಿಡಿಯಲೇಬೇಕು.

ಹಾಳೆಯ ಕೆಲಸ ಬಹಳ ಸರಳ: ಜಾಗ ಕೊಡುವುದು. ಕ್ಯಾಟಲಿಟಿಕ್ ಕನ್ವರ್ಟರ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ. ಕಾರ್ಬನ್ ಮಾನಾಕ್ಸೈಡನ್ನು, ಉರಿಯದೆ ಉಳಿದ ಪೆಟ್ರೋಲನ್ನು, ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಹಾನಿಯ ಅನಿಲಗಳಾಗಿ ಬದಲಿಸುವುದು ಅವೇ, ನಿಜ. ಆದರೆ ಅವು ಇರುವುದು ಎಲ್ಲೋ ಒಂದೆರಡು ಗ್ರಾಂ. ಆ ಒಂದೆರಡು ಗ್ರಾಂ ಹೊಗೆಗೆಲ್ಲ ತಾಕುವಂತೆ ಹರಡಬೇಕಾದರೆ ಕಿರಿದಾದ ಜಾಗದಲ್ಲಿ ದೊಡ್ಡ ಮೈ ಬೇಕು. ಒಂದು ಮಟ್ಟಸ ಹಾಳೆ, ಅದರ ಮೇಲೊಂದು ಅಲೆಯಲೆಯಾಗಿ ಮಡಿಸಿದ ಹಾಳೆ, ಎರಡನ್ನೂ ಕೂಡಿಸಿ ಸುತ್ತಿ ಕೊಳವೆಯೊಳಗೆ ತುರುಕಿದರೆ ಚದರ ಅಂಗುಲಕ್ಕೆ ನೂರಾರು ಕಿಂಡಿಗಳ ಗೂಡು ಸಿದ್ಧ. ಅದರ ಮೇಲೆ ಅಲ್ಯುಮಿನಾದ ಒಂದು ಲೇಪ, ಲೇಪದಲ್ಲಿ ಬೆಲೆಬಾಳುವ ಲೋಹದ ಕಣಗಳು.

ಕಾರುಗಳಲ್ಲಿ ಈ ಗೂಡು ಹೆಚ್ಚಾಗಿ ಕಾರ್ಡಿಯರೈಟ್ ಎಂಬ ಪಿಂಗಾಣಿಯದು. ಬೈಕು, ಸ್ಕೂಟರುಗಳಲ್ಲಿ ಲೋಹಕ್ಕೇ ಮೇಲುಗೈ. ಕಾರಣ ನಮ್ಮ ರಸ್ತೆಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. ಅದುರಾಟಕ್ಕೆ ಪಿಂಗಾಣಿ ಬಿರುಕು ಬಿಡುತ್ತದೆ, ಲೋಹ ಬಾಗುತ್ತದೆ. ಇನ್ನೊಂದು ಕಾರಣವೂ ಇದೆ. ಸುಮಾರು 250ರಿಂದ 300 ಡಿಗ್ರಿ ಬಿಸಿಯಾಗುವ ತನಕ ಕನ್ವರ್ಟರ್ ಕೆಲಸವನ್ನೇ ಶುರು ಮಾಡುವುದಿಲ್ಲ. ಬೆಳಗ್ಗೆ ಹಾಲಿನಂಗಡಿಗೆ ಹೋಗಿ ಬರುವಷ್ಟರ ಸವಾರಿಯಲ್ಲಿ ಹೊರಬೀಳುವ ವಿಷದ ಹೆಚ್ಚಿನ ಪಾಲು ಈ ತಣ್ಣನೆಯ ನಿಮಿಷಗಳದೇ. ಗೋಡೆ ತೆಳುವಾದಷ್ಟೂ ಬೇಗ ಕಾಯುತ್ತದೆ. ಹೊಗೆಗೆ ಅಡ್ಡಿಯೂ ಕಡಿಮೆ. ಹಾಗಾಗಿ ತೆಳು ಬೇಕು ಎನ್ನುವುದು ಒಂದು ಒತ್ತಡ, ಬಾಳಿಕೆ ಬೇಕು ಎನ್ನುವುದು ಇನ್ನೊಂದು. ಇವೆರಡೂ ಒಂದಕ್ಕೊಂದು ಆಗದವು.

ನಡುವೆ ರಾಜಿ ಮಾಡಿಸಿದ್ದು ಒಂದು ಮಿಶ್ರಲೋಹ: ಕಬ್ಬಿಣ, ನೂರಕ್ಕೆ ಸುಮಾರು 20 ಪಾಲು ಕ್ರೋಮಿಯಂ, 5 ಪಾಲು ಅಲ್ಯೂಮಿನಿಯಂ, ಚಿಟಿಕೆಯಷ್ಟು ಇಟ್ರಿಯಂ. ಇದರ ಕುಲಮೂಲ ಕಾರಿನ ಲೋಕದ್ದಲ್ಲ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿ ಬೆಂಕಿಗೆ ಜಗ್ಗದ ತಂತಿ ಮಾಡಬಹುದೆಂದು 1920ರ ದಶಕದಲ್ಲಿ ತೋರಿಸಿದವರು ಸ್ವೀಡನ್ನಿನ ಹಾನ್ಸ್ ಫಾನ್ ಕಾಂಟ್ಸೋ. ವಿದ್ಯುತ್ ಕುಲುಮೆಗಳಲ್ಲಿ ಇಂದಿಗೂ ಕೆಂಪಗೆ ಉರಿಯುವ ಕಾಂಥಾಲ್ ತಂತಿ ಅವರದೇ ಹೆಸರಿನದು. ಇಟ್ರಿಯಂ ಸೇರಿದ್ದು 1960ರ ದಶಕದಲ್ಲಿ, ಅಣುಸ್ಥಾವರದ ಇಂಧನಕ್ಕೆ ಕವಚ ಹುಡುಕುವಾಗ. ಬ್ರಿಟನ್ನಿನ ಹಾರ್ವೆಲ್ ಅಣುಶಕ್ತಿ ಕೇಂದ್ರ ಅದನ್ನು ಫೆಕ್ರಲಾಯ್ ಎಂಬ ಹೆಸರಿನಲ್ಲಿ ಬೆಳೆಸಿ ವಾಹನದ ಹೊಗೆಯ ಕಡೆಗೆ ತಿರುಗಿಸಿತು. 2011ರ ಫುಕುಶಿಮಾ ದುರಂತದ ಬಳಿಕ ಇದೇ ಬಳಗದ ಮಿಶ್ರಲೋಹಗಳನ್ನು ಅಣು ಇಂಧನದ ಕವಚಕ್ಕೆ ಮತ್ತೆ ಪರೀಕ್ಷಿಸುತ್ತಿದ್ದಾರೆ. ರಿಯಾಕ್ಟರಿಗೂ ಸ್ಕೂಟರಿಗೂ ಹೀಗೊಂದು ನೆಂಟಸ್ತನ.

ಹಾಳೆ ಕಾಯುತ್ತಿದ್ದಂತೆ ಒಳಗಿನ ಅಲ್ಯೂಮಿನಿಯಂ ಮೇಲ್ಮೈಗೆ ಬಂದು ಆಮ್ಲಜನಕದೊಡನೆ ಸೇರಿ ಅಲ್ಯುಮಿನಾ ಆಗುತ್ತದೆ. ಮಾಣಿಕ್ಯವೂ ನೀಲವೂ ರಾಸಾಯನಿಕವಾಗಿ ಇದೇ ವಸ್ತು. ಕಬ್ಬಿಣದ ತುಕ್ಕು ಹಕ್ಕಳೆಯಾಗಿ ಏಳುತ್ತದೆ, ಗಾಳಿಗೆ ದಾರಿ ಬಿಡುತ್ತದೆ, ಕೆಳಗಿನ ಪದರವನ್ನೂ ತಿನ್ನುತ್ತದೆ. ಅಲ್ಯುಮಿನಾ ಬಿಗಿಯಾಗಿ ಕೂತು ಬಾಗಿಲು ಹಾಕಿಕೊಳ್ಳುತ್ತದೆ. ದಪ್ಪವಾದಂತೆಲ್ಲ ಅದರ ಬೆಳವಣಿಗೆ ನಿಧಾನ. ಎಲ್ಲಾದರೂ ಬಿರುಕು ಬಿಟ್ಟರೆ ಒಳಗಿನಿಂದ ಇನ್ನಷ್ಟು ಅಲ್ಯೂಮಿನಿಯಂ ಬಂದು ಮುಚ್ಚುತ್ತದೆ.

ಎಲ್ಲಿಯವರೆಗೆ? ಗಂಟಿನಲ್ಲಿ ಉಳಿದಿರುವವರೆಗೆ. ಈ ಲೆಕ್ಕವನ್ನು ಕಾಗದ, ಪೆನ್ಸಿಲ್ ಹಿಡಿದು ಯಾರಾದರೂ ಮಾಡಬಹುದು. 50 ಮೈಕ್ರಾನ್ ದಪ್ಪದ ಒಂದು ಚದರ ಮೀಟರ್ ಹಾಳೆ ಸುಮಾರು 360 ಗ್ರಾಂ ತೂಗುತ್ತದೆ. ಅದರಲ್ಲಿ ಅಲ್ಯೂಮಿನಿಯಂ 18 ಗ್ರಾಂ. ಅಷ್ಟನ್ನೂ ಕೊನೆಯ ಕಣದವರೆಗೆ ಖರ್ಚು ಮಾಡಿದರೂ ಎರಡೂ ಮೈಗೆ ಸಿಗುವುದು ತಲಾ 4 ಮೈಕ್ರಾನಿನಷ್ಟು ಅಲ್ಯುಮಿನಾ. ಬಾಳಿನುದ್ದಕ್ಕೂ ಇದ್ದ ಬಂಡವಾಳ ಅಷ್ಟೇ. ದಪ್ಪದ ಉಕ್ಕಿನಲ್ಲಿ ಈ ಚಿಂತೆ ಇಲ್ಲ, ಒಳಗಿನ ದಾಸ್ತಾನು ದೊಡ್ಡದು. ಹಾಳೆಯಲ್ಲಿ ಒಳಗು ಎಂಬುದೇ ಇಲ್ಲ, ಬರೀ ಮೈ. ಪದರ ಎರಡರಷ್ಟು ದಪ್ಪವಾಗಲು ಹೆಚ್ಚುಕಡಿಮೆ ನಾಲ್ಕು ಪಟ್ಟು ಸಮಯ ಹಿಡಿಯುತ್ತದೆ. ಅದನ್ನೇ ತಿರುಗಿಸಿ ನೋಡಿ: ಹಾಳೆಯ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಆಯಸ್ಸು ಕಾಲು ಭಾಗಕ್ಕೆ ಬೀಳುತ್ತದೆ. ಗಂಟು ಬರಿದಾದ ಮೇಲೆ ಕ್ರೋಮಿಯಂ ಸ್ವಲ್ಪ ದಿನ ದೂಡುತ್ತದೆ. ಆಮೇಲೆ ಕಬ್ಬಿಣಕ್ಕೇ ತುಕ್ಕು, ಹಾಳೆಗೆ ಹಾಳೆಯೇ ಆಕ್ಸೈಡ್.

ಹಾಗಾದರೆ 5ರ ಬದಲು 8 ಪಾಲು, 10 ಪಾಲು ಅಲ್ಯೂಮಿನಿಯಂ ಹಾಕಬಾರದೇಕೆ? ಹಾಕಬಹುದು, ಆದರೆ ಹಾಳೆಯಾಗುವುದಿಲ್ಲ. 6 ದಾಟಿತೆಂದರೆ ಉಕ್ಕು ಪೆಡಸಾಗಿ ರೋಲರುಗಳ ನಡುವೆ ಸೀಳುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವೇ ಈ ಇಡೀ ವಿದ್ಯೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅಲ್ಯೂಮಿನಿಯಂ ಕಡಿಮೆ ಇರುವ ಮೆತ್ತನೆಯ ಉಕ್ಕನ್ನು ತೆಗೆದುಕೊಂಡು, ಅದರ ಎರಡೂ ಕಡೆ ಶುದ್ಧ ಅಲ್ಯೂಮಿನಿಯಮ್ಮನ್ನು ಒತ್ತಿ ಅಂಟಿಸುತ್ತಾರೆ, ಇಲ್ಲವೇ ಕರಗಿದ ಅಲ್ಯೂಮಿನಿಯಂನಲ್ಲಿ ಅದ್ದಿ ತೆಗೆಯುತ್ತಾರೆ. ಬೇಕಾದ ತೆಳುವಿಗೆ ಎಳೆದ ಮೇಲೆ ಕುಲುಮೆಯಲ್ಲಿಟ್ಟು ಕಾಯಿಸುತ್ತಾರೆ. ಹೊರಗಿನ ಅಲ್ಯೂಮಿನಿಯಂ ನಿಧಾನವಾಗಿ ಒಳಗೆ ಇಳಿದು ಒಂದಾಗುತ್ತದೆ. ಎಳೆಸಿಕೊಳ್ಳುವ ತನಕ ಬಡವ, ಎಳೆದಾದ ಮೇಲೆ ಸಿರಿವಂತ.

ಗಂಟಿದ್ದರೆ ಸಾಲದು, ಪದರ ಅಂಟಿಯೂ ಇರಬೇಕು. ಬಿಸಿಯಾದಾಗ ಲೋಹ ಅಲ್ಯುಮಿನಾಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ನೀವು ಎಂಜಿನ್ ಆಫ್ ಮಾಡಿದ ಪ್ರತಿ ಸಲವೂ ಕುಗ್ಗುವ ಲೋಹ ಮೇಲಿನ ಪದರವನ್ನು ಹಿಂಡುತ್ತದೆ. ಹಿಡಿತ ಸಡಿಲವಾದ ಕಡೆ ಪದರ ಸಿಡಿದು ಉದುರುತ್ತದೆ. ಉದುರಿದ್ದನ್ನು ತುಂಬಲು ಮತ್ತೆ ಗಂಟಿಗೆ ಕೈ. ಹಿಡಿತ ಸಡಿಲಿಸುವ ಮುಖ್ಯ ಅಪರಾಧಿ ಗಂಧಕ. ಉಕ್ಕಿನಲ್ಲಿ ಹತ್ತು ಲಕ್ಷಕ್ಕೆ ಕೆಲವೇ ಪಾಲಿದ್ದರೂ ಅದು ಲೋಹಕ್ಕೂ ಪದರಕ್ಕೂ ನಡುವಿನ ಗಡಿಗೆ ಬಂದು ಸೇರಿಕೊಳ್ಳುತ್ತದೆ. ಚಿಟಿಕೆ ಇಟ್ರಿಯಂ ಅಥವಾ ಸೀರಿಯಂ, ಲ್ಯಾಂಥನಂ, ಹ್ಯಾಫ್ನಿಯಂ ಬೆರೆಸಿದರೆ ಅವು ಗಂಧಕವನ್ನು ಒಳಗೇ ಕಟ್ಟಿಹಾಕುತ್ತವೆ, ಪದರ ಬೆಳೆಯುವ ಬಗೆಯನ್ನೂ ತಿದ್ದುತ್ತವೆ. ಹೆಚ್ಚು ಹಾಕಿದರೆ ಅದೇ ಕೇಡು. ಪದರ ಬೇಗ ಬೆಳೆದು ಗಂಟು ಬೇಗ ಕರಗುತ್ತದೆ.

ಹಾಳೆಯನ್ನು ಮೊದಲೇ 900 ಡಿಗ್ರಿಯ ಆಸುಪಾಸಿನಲ್ಲಿ ಗಾಳಿಯಲ್ಲಿ ಕಾಯಿಸಿದರೆ ಅಲ್ಯುಮಿನಾ ಸೂಜಿಮೊನೆಗಳಾಗಿ ಮೇಲೇಳುತ್ತದೆ ಎಂದು ಅಮೆರಿಕದ ವಾಹನ ಪ್ರಯೋಗಾಲಯಗಳು ಕಂಡುಕೊಂಡವು. ಬೆಲೆಬಾಳುವ ಲೋಹ ಹೊತ್ತ ಲೇಪಕ್ಕೆ ಇದು ಒಳ್ಳೆಯ ಹಿಡಿ. ಆದರೆ ಸೂಜಿಯ ರೂಪದ ಅಲ್ಯುಮಿನಾ ಬೆಳೆಯುವುದು ವೇಗವಾಗಿ, ಅದರ ಖರ್ಚೂ ಹೆಚ್ಚು. ಇಲ್ಲಿಯೂ ಅದೇ ಚೌಕಾಸಿ.

ಇಷ್ಟೆಲ್ಲ ಸರಿಹೋದರೂ ಸುರುಳಿ ಜಾರಬಹುದು. ಒಂಟಿ ಸಿಲಿಂಡರಿನ ಬೈಕಿನಲ್ಲಿ ಹೊಗೆ ಸಮನಾಗಿ ಹರಿಯುವುದಿಲ್ಲ, ಪ್ರತಿ ಸ್ಫೋಟಕ್ಕೂ ಒಂದು ಗುದ್ದು ಕೊಡುತ್ತದೆ. ಒಂದೇ ಸಮನೆ ಸುತ್ತಿದ ಸುರುಳಿಯ ನಡುಭಾಗ ಗುದ್ದು ತಿಂದು ತಿಂದು ಹಿಂದಕ್ಕೆ ಹೊರಟುಬಿಡುತ್ತದೆ. ಮೇಲೆ ಬೆಳೆಯುವ ಆಕ್ಸೈಡ್ ಹಾಳೆಯನ್ನು ಎಳೆದು ಉದ್ದ ಮಾಡುವುದೂ ಉಂಟು, ಆಗ ಸುತ್ತು ಇನ್ನಷ್ಟು ಸಡಿಲ. ಜರ್ಮನ್ ತಯಾರಕರು ಹಾಳೆಗಳನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ಹೆಣೆದು, ಪ್ರತಿ ಹಾಳೆಯ ಎರಡೂ ತುದಿಯನ್ನು ಹೊರಗಿನ ಕವಚಕ್ಕೇ ಬೆಸೆದರು. ಬೆಸುಗೆಗೆ ನಿಕ್ಕಲ್ ಮಿಶ್ರಣ, ಸುಮಾರು 1200 ಡಿಗ್ರಿ, ಅದೂ ನಿರ್ವಾತ ಕುಲುಮೆಯಲ್ಲಿ. ಗಾಳಿಯ ಸುಳಿವಿದ್ದರೂ ನಮ್ಮ ಮೆಚ್ಚಿನ ಅಲ್ಯುಮಿನಾ ಎದ್ದು ಬಂದು ಬೆಸುಗೆಯನ್ನೇ ಒಲ್ಲೆನ್ನುತ್ತದೆ. ಇನ್ನೂ ಸ್ವಾರಸ್ಯವೆಂದರೆ ಎಲ್ಲ ಕಡೆ ಬೆಸೆಯದಿರುವುದೇ ಜಾಣತನ. ಒಳಭಾಗ ಕಾದು ಹಿಗ್ಗುವಾಗ ಕವಚ ಇನ್ನೂ ತಣ್ಣಗಿರುತ್ತದೆ. ಅಡಿಯಿಂದ ಮುಡಿಯವರೆಗೆ ಬಿಗಿದಿದ್ದರೆ ಹಾಳೆ ಹರಿದೀತು. ಅಲ್ಲಲ್ಲಿ ಮಾತ್ರ ಬೆಸೆದು ಮಿಕ್ಕಿದ್ದನ್ನು ಆಡಲು ಬಿಡುತ್ತಾರೆ.

ಇವೆಲ್ಲ ಕಾರ್ಖಾನೆಯ ಜಾಣತನ. ಭಾರತದಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದದ್ದು 1995ರ ಏಪ್ರಿಲ್ 1ರಂದು, ನಾಲ್ಕು ಮಹಾನಗರಗಳಲ್ಲಿ. ಬೆಂಗಳೂರು ಆ ನಾಲ್ಕರಲ್ಲಿ ಇರಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಬೈಕುಗಳ ಮಿತಿಯೂ ಬಹಳ ಬಿಗಿಯಾಯಿತು. ಆದರೆ ಶೋರೂಮಿನಿಂದ ಹೊರಬಿದ್ದ ಹಾಳೆಯ ಗತಿಯನ್ನು ವಿಚಾರಿಸುವವರು ಯಾರು? ಎಮಿಷನ್ ಟೆಸ್ಟಿನಲ್ಲಿ ಬೈಕನ್ನು ನಿಂತಲ್ಲೇ ಐಡಲ್‌ನಲ್ಲಿಟ್ಟು ಕೊಳವೆಗೊಂದು ಕಡ್ಡಿ ತೂರಿಸಿ ಚೀಟಿ ಕೊಡುತ್ತಾರೆ. ಗುಡುಗುಡು ಸದ್ದಿನ ಮೋಜಿಗೆ ಹೊಸ ಸೈಲೆನ್ಸರ್ ಹಾಕಿಸಿಕೊಂಡವರ ಅಸಲಿ ಸೈಲೆನ್ಸರ್, ಒಳಗಿನ ಕನ್ವರ್ಟರ್ ಸಮೇತ, ಮನೆಯ ಅಟ್ಟದಲ್ಲಿ ತಣ್ಣಗೆ ಕೂತಿರುತ್ತದೆ. ಪೊಲೀಸರು ಕರ್ಕಶ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹತ್ತಿಸುವುದು ಸದ್ದಿಗಾಗಿ, ಹೊಗೆಗಾಗಿ ಅಲ್ಲ. ಕದಿಯುವವರೂ ಇದ್ದಾರೆ. ಅವರ ಕಣ್ಣು ಪ್ಲಾಟಿನಂ ಪುಡಿಯ ಮೇಲೆ, ಹಾಳೆ ಗುಜರಿಗೆ.

ಇನ್ನು ಸವಾರನೇ ಹಾಳೆಗೆ ತರುವ ಅಪಾಯವೊಂದಿದೆ. ಪ್ಲಗ್ ಕೆಟ್ಟು ಕಿಡಿ ತಪ್ಪಿದಾಗ ಸಿಲಿಂಡರಿನಲ್ಲಿ ಉರಿಯಬೇಕಿದ್ದ ಪೆಟ್ರೋಲು ಹಾಗೇ ಬಂದು ಕನ್ವರ್ಟರಿನಲ್ಲಿ ಉರಿಯುತ್ತದೆ. ಒಳಗಿನ ಬಿಸಿ 1000 ಡಿಗ್ರಿ ದಾಟಿದರೂ ಹೊರಗೆ ಗೊತ್ತಾಗುವುದಿಲ್ಲ. ವರ್ಷಗಳಿಗೆಂದು ಇಟ್ಟ ಅಲ್ಯೂಮಿನಿಯಂ ಆ ಬಿಸಿಯಲ್ಲಿ ಭರದಿಂದ ಖರ್ಚಾಗುತ್ತದೆ. ಕಾರಿನ ಫಲಕದಲ್ಲಿ ಎಂಜಿನ್ ಚಿತ್ರದ ದೀಪ ಸುಮ್ಮನೆ ಹೊತ್ತಿಕೊಂಡಿದ್ದರೆ ಗ್ಯಾರೇಜಿಗೆ ನಾಳೆ ಹೋದರೂ ನಡೆದೀತು. ಅದು ಮಿನುಗತೊಡಗಿದರೆ ಕಿಡಿ ತಪ್ಪಿ ಕನ್ವರ್ಟರ್ ಸುಡುತ್ತಿದೆ ಎಂದು ಅರ್ಥ. ಆಗ ವೇಗ ಇಳಿಸಿ ಗಾಡಿಯನ್ನು ಪಕ್ಕಕ್ಕೆ ಹಾಕಬೇಕು. ಪ್ಲಗ್ಗಿನ ಬೆಲೆ ಕೆಲವು ನೂರು ರೂಪಾಯಿ, ಕನ್ವರ್ಟರಿನದು ಅದರ ಎಷ್ಟೋ ಪಟ್ಟು.