ಕೇಳುವ ಕೈಯ ಹೊಣೆ

ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಊರಿನ ಮದ್ರಸಕ್ಕೆ ಎರಡು ಕೋಣೆ ಕಟ್ಟಬೇಕಾಗಿದೆ, ಹಣವಿಲ್ಲ. ಧನಿಕರೊಬ್ಬರು ಪೂರ್ತಿ ಖರ್ಚು ಕೊಡಲು ಒಪ್ಪುತ್ತಾರೆ. ಆದರೆ ಬಾಗಿಲ ಮೇಲೆ ತಮ್ಮ ಹೆಸರಿನ ಅಮೃತಶಿಲೆಯ ಫಲಕವಿರಬೇಕು, ಉದ್ಘಾಟನೆಯ ದಿನ ಮೈಕಿನಲ್ಲಿ ಮೊತ್ತವನ್ನು ಹೇಳಬೇಕು. ಅವರಿಗೆ ಬೇಕಾದದ್ದು ಹೆಸರೇ ಎಂಬುದು ಕಮಿಟಿಯ ಎಲ್ಲರಿಗೂ ಗೊತ್ತು. ಆಗ ಒಬ್ಬರು, "ಅವರ ನಿಯ್ಯತ್ತು ಅವರಿಗೆ, ನಮಗೆ ಕಟ್ಟಡವಾದರೆ ಸಾಕು" ಎನ್ನುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಈ ಮಾತು ಸರಿಯೇ?

ಮೇಲ್ನೋಟಕ್ಕೆ ಸರಿಯೆಂದೇ ಕಾಣುತ್ತದೆ. ಮನಸ್ಸಿನೊಳಗಿನದು ಅಲ್ಲಾಹನಿಗೆ ಮಾತ್ರ ಗೊತ್ತು. ಅಲ್ಲಿ ಕುಳಿತು ಓದುವ ಮಕ್ಕಳಿಗೆ ಗೋಡೆ ಯಾರ ಹಣದ್ದಾದರೇನು? ಬಹಿರಂಗ ದಾನವನ್ನು ಕುರ್‌ಆನ್ ನಿಷೇಧಿಸಿಯೂ ಇಲ್ಲ. ಅಲ್‌ಬಕರ ಅಧ್ಯಾಯದ 271ನೆಯ ಸೂಕ್ತವು ಅದನ್ನು ಒಳ್ಳೆಯದೆಂದೇ ಕರೆದು, ಗುಟ್ಟಾಗಿ ಬಡವರಿಗೆ ತಲುಪಿಸುವುದು ಇನ್ನೂ ಉತ್ತಮವೆಂದು ತಿಳಿಸುತ್ತದೆ. ಆದುದರಿಂದ ಮೈಕು ಹರಾಮ್, ಫಲಕ ಹರಾಮ್ ಎಂದು ಫತ್ವಾ ನೀಡಲು ನಾನು ಹೊರಟಿಲ್ಲ. ನನ್ನ ಪ್ರಶ್ನೆ ಇರುವುದು ಕೇಳುವವರ ಕುರಿತು. ಕೊಡುವವರಿಗೆ ರಿಯಾದ ಬಗ್ಗೆ ಪ್ರತಿ ರಮಝಾನಿನಲ್ಲೂ ಉಪದೇಶ ಮಾಡುತ್ತೇವೆ. ಆ ರಿಯಾಕ್ಕೆ ವೇದಿಕೆ ಕಟ್ಟಿಕೊಟ್ಟವರನ್ನು ಯಾರೂ ಏನೂ ಕೇಳುವುದಿಲ್ಲ.

ಸ್ವತಃ ಪ್ರವಾದಿಯವರೇ(ಸ) ಜನರಿಂದ ಸಂಗ್ರಹಿಸಿದ ಒಂದು ಘಟನೆಯನ್ನು ಜರೀರ್ ಬಿನ್ ಅಬ್ದುಲ್ಲಾಹ್(ರ) ವರದಿ ಮಾಡಿದ್ದಾರೆ. ಅದು ಸಹೀಹ್ ಮುಸ್ಲಿಮ್‌ನಲ್ಲಿದೆ. ಒಂದು ದಿನ ಬೆಳಗಿನ ಹೊತ್ತು ಮುದರ್ ಗೋತ್ರದ ಕೆಲವರು ಮದೀನಕ್ಕೆ ಬಂದರು. ಬರಿಗಾಲು, ಮೈಮೇಲೆ ಒರಟು ಉಣ್ಣೆಯ ಬಟ್ಟೆ, ಹೆಗಲಿಗೆ ಖಡ್ಗ. ಅವರ ದಾರಿದ್ರ್ಯವನ್ನು ಕಂಡು ಪ್ರವಾದಿಯವರ(ಸ) ಮುಖದ ಬಣ್ಣವೇ ಬದಲಾಯಿತು. ಒಳಹೋದರು, ಹೊರಬಂದರು, ಬಾಂಗ್ ಕೊಡಲು ಬಿಲಾಲ್(ರ) ಅವರಿಗೆ ಹೇಳಿದರು. ನಮಾಝಿನ ಬಳಿಕ ಜನರನ್ನುದ್ದೇಶಿಸಿ ಮಾತನಾಡುತ್ತಾ, ಮಾನವರೆಲ್ಲರೂ ಒಂದೇ ಜೀವದಿಂದ ಬಂದವರೆಂದು ತಿಳಿಸುವ ಅನ್ನಿಸಾ ಅಧ್ಯಾಯದ ಮೊದಲ ಸೂಕ್ತವನ್ನು ಓದಿದರು. ಬಳಿಕ ದೀನಾರಿದ್ದವರು ದೀನಾರನ್ನು, ದಿರ್ಹಮಿದ್ದವರು ದಿರ್ಹಮನ್ನು, ಬಟ್ಟೆಯನ್ನು, ಗೋಧಿಯನ್ನು, ಖರ್ಜೂರವನ್ನು ಕೊಡಲಿ ಎಂದರು. ಕೊನೆಗೆ ಅರ್ಧ ಖರ್ಜೂರವಾದರೂ ಸರಿ ಎಂದರು. ಅನ್ಸಾರ್‌ಗಳಲ್ಲೊಬ್ಬರು ಕೈಯಲ್ಲಿ ಹಿಡಿಯಲಾರದಷ್ಟು ಭಾರವಾದ ಚೀಲವನ್ನು ತಂದರು. ಆಮೇಲೆ ಒಬ್ಬರ ಹಿಂದೊಬ್ಬರು ತಂದು, ಆಹಾರದ್ದೂ ಬಟ್ಟೆಯದ್ದೂ ಎರಡು ರಾಶಿಗಳಾದವು. ಪ್ರವಾದಿಯವರ(ಸ) ಮುಖ ಬಂಗಾರದಂತೆ ಬೆಳಗಿತು. ಒಳ್ಳೆಯದೊಂದಕ್ಕೆ ನಾಂದಿ ಹಾಡಿದವನಿಗೆ ಅದನ್ನು ಅನುಸರಿಸಿದವರೆಲ್ಲರ ಪ್ರತಿಫಲವೂ ಇದೆ ಎಂದು ಅವರು ಹೇಳಿದ್ದು ಈ ಸಂದರ್ಭದಲ್ಲಿಯೇ.

ಇದು ಬಹಿರಂಗ ಸಂಗ್ರಹವೇ, ಸಂಶಯವಿಲ್ಲ. ನಮ್ಮ ಕಮಿಟಿಯವರು ಈ ಹದೀಸನ್ನೇ ತಮ್ಮ ಸಮರ್ಥನೆಗೆ ಎತ್ತಿಕೊಳ್ಳುತ್ತಾರೆ. ಆದರೆ ಭಾರದ ಚೀಲ ತಂದ ಆ ಅನ್ಸಾರಿಯ ಹೆಸರೇನು? ಜರೀರ್(ರ) ಹೇಳುವುದಿಲ್ಲ. ಅಂಥ ದೊಡ್ಡ ಶುಭವಾರ್ತೆಗೆ ಕಾರಣರಾದವರು ಆ ವರದಿಯಲ್ಲಿ "ಅನ್ಸಾರ್‌ಗಳಲ್ಲೊಬ್ಬರು" ಅಷ್ಟೆ. ಪ್ರಶಂಸೆ ಸಂದದ್ದು ಕೆಲಸಕ್ಕೆ. ಜನರ ಕಣ್ಣ ಮುಂದೆ ಇದ್ದದ್ದು ಹಸಿದವರು. ಎಲ್ಲಕ್ಕಿಂತ ಮುಖ್ಯವಾಗಿ, ಕೇಳುವಾಗಲೇ ಅರ್ಧ ಖರ್ಜೂರದವನಿಗೂ ಸಾಲಿನಲ್ಲಿ ಜಾಗ ಮಾಡಿಕೊಡಲಾಗಿತ್ತು.

ಈಗ ನಮ್ಮ ಸಭೆಗಳತ್ತ ನೋಡಿ. 50,000 ರೂಪಾಯಿ ಎಂದಾಗ ಮೈಕಿನಲ್ಲಿ ಮಾಶಾ ಅಲ್ಲಾಹ್, ಜೋರಾದ ದುಆ. 1,000 ಎಂದಾಗ ಹೆಸರು ಮಾತ್ರ. ಹಿಂದಿನ ಸಾಲಿನಲ್ಲಿ ಕೂಲಿಕಾರನೊಬ್ಬ ಅಂಗೈಯಲ್ಲಿ 50ರ ನೋಟನ್ನು ಮಡಚಿ ಹಿಡಿದಿದ್ದಾನೆ. ಆತ ಎದ್ದು ಹೋಗಿ ಅದನ್ನು ಕೊಡುತ್ತಾನೆಯೇ? ಮುಂದಿನ ಸಭೆಗೆ ಬರುತ್ತಾನೆಯೇ? ದಾನದ ಆದೇಶ ಬಂದಾಗ ತಾವು ಹೊರೆ ಹೊತ್ತು ಕೂಲಿ ಗಳಿಸಿ ಕೊಡುತ್ತಿದ್ದೆವೆಂದು ಅಬೂ ಮಸ್‌ಊದ್(ರ) ಹೇಳಿದ್ದು ಬುಖಾರಿಯಲ್ಲಿದೆ. ಹೆಚ್ಚು ತಂದವರನ್ನು ಕಂಡು ಕಪಟವಿಶ್ವಾಸಿಗಳು ಇವನದು ತೋರಿಕೆ ಎಂದರು. ಒಂದು ಸಾಅ್ ತಂದವರನ್ನು ಕಂಡು, ಅಲ್ಲಾಹನಿಗೆ ಇವನ ಇಷ್ಟರ ಅಗತ್ಯವಿಲ್ಲ ಎಂದರು. ಅತ್ತೌಬ ಅಧ್ಯಾಯದ 79ನೆಯ ಸೂಕ್ತ ಆ ಗೇಲಿಯನ್ನು ಖಂಡಿಸಿ ಅವತೀರ್ಣವಾಯಿತು. ಅಂದು ಅವರು ನಾಲಿಗೆಯಿಂದ ಮಾಡಿದ್ದನ್ನು ಇಂದು ನಾವು ಮೈಕಿನ ಏರಿಳಿತದಿಂದ ಮಾಡುತ್ತಿದ್ದೇವೆ. ದೊಡ್ಡವನನ್ನು ತೋರಿಕೆಗೆ ತಳ್ಳುತ್ತೇವೆ, ಚಿಕ್ಕವನಿಗೆ ನಿನ್ನದು ಬೇಕಿಲ್ಲ ಎನ್ನುತ್ತೇವೆ. ಅವರ ನಿಯ್ಯತ್ತು ಅವರಿಗೆ ಎಂದು ಕೈತೊಳೆದುಕೊಳ್ಳಲಾಗದು, ಅದು ಕೆಡುವುದರಲ್ಲಿ ನಮ್ಮ ಪಾಲೂ ಇದೆ.

ಕೇಳುವ ಕೈಯ ಹೊಣೆ ಇಲ್ಲಿಗೇ ಮುಗಿಯುವುದಿಲ್ಲ. ಇಬ್ನುಲ್ಲುತ್ಬಿಯ್ಯ ಎಂಬವರನ್ನು ಪ್ರವಾದಿಯವರು(ಸ) ಝಕಾತ್ ಸಂಗ್ರಹಕ್ಕೆ ಕಳುಹಿಸಿದ್ದರು. ಮರಳಿ ಬಂದು, ಇದು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಬಂದದ್ದು ಎಂದರು. ಹೆತ್ತವರ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿಯವರು(ಸ) ಮಿಂಬರ್ ಹತ್ತಿ ಕೇಳಿದರು. ಸಂಗ್ರಹಿಸುವವನು ಸಂಬಳ ಪಡೆಯಲೇಬಾರದೆಂದಲ್ಲ. ಅತ್ತೌಬದ 60ನೆಯ ಸೂಕ್ತದಲ್ಲಿ ಝಕಾತಿನ ಕೆಲಸಗಾರರಿಗೂ ಪಾಲಿದೆ. ದುಡಿದವನಿಗೆ ನಿಗದಿತ ವೇತನ ಕೊಡಿ, ಅದನ್ನು ಲೆಕ್ಕದಲ್ಲಿ ಬರೆಯಿರಿ. ಆದರೆ ರಸೀದಿ ಪುಸ್ತಕ ಹಿಡಿದು ಬಂದವರಿಗೆ, ಎಲ್ಲವೂ ಯತೀಮ್ ಮಕ್ಕಳಿಗೇ ಎಂದು ನಂಬಿ ನಿಮ್ಮ ಮನೆಯಾಕೆ 500 ರೂಪಾಯಿ ಕೊಟ್ಟಾಗ, ಅದರಲ್ಲೊಂದು ದೊಡ್ಡ ಪಾಲು ಕಮಿಷನ್ ಆಗಿ ಹೋಗುವುದಾದರೆ ಆಕೆಗೆ ಅದು ಗೊತ್ತಿರಬೇಡವೇ? ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಏರ್ಪಾಡನ್ನು ಇಟ್ಟುಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಝಕಾತಿನ ಹಣವನ್ನು ಮಸೀದಿಯ ಕಟ್ಟಡಕ್ಕೆ ಬಳಸುವಂತಿಲ್ಲ ಎಂಬುದು ಬಹುಪಾಲು ವಿದ್ವಾಂಸರ ನಿಲುವು. ಹೀಗಿದ್ದೂ ಗೋಡೆಗಂಟಿಸಿದ ಒಂದೇ ಕ್ಯೂಆರ್ ಚೀಟಿಗೆ ಝಕಾತೂ ಬರುತ್ತದೆ, ಸದಕಾವೂ ಬರುತ್ತದೆ. ಎರಡು ಖಾತೆ ತೆರೆಯಲು ಎಷ್ಟು ಹೊತ್ತು ಬೇಕು?

ಇನ್ನು ಫೋಟೋ. 2020ರ ಲಾಕ್‌ಡೌನ್ ಸಮಯದಲ್ಲಿ ಅಕ್ಕಿ, ಎಣ್ಣೆ, ಬೇಳೆಯ ಕಿಟ್‌ಗಳನ್ನು ಹಂಚಿದವರು ದೊಡ್ಡ ಸೇವೆಯನ್ನೇ ಮಾಡಿದರು. ಆದರೆ ಕಿಟ್ ಹಿಡಿದ ತಾಯಂದಿರ ಮುಖಗಳು ವಾಟ್ಸಾಪ್‌ನಲ್ಲಿ ಊರೂರು ಸುತ್ತಿದವು. ಮುಂದಿನ ಸಂಗ್ರಹಕ್ಕೆ ಪುರಾವೆ ಬೇಕು ಎಂಬ ಸಮಜಾಯಿಷಿ ಇತ್ತು. ಹಂಗಿಸಿ, ನೋಯಿಸಿ ದಾನವನ್ನು ವ್ಯರ್ಥಗೊಳಿಸಬೇಡಿರೆಂಬ ಎಚ್ಚರಿಕೆ ಅಲ್‌ಬಕರದ 264ನೆಯ ಸೂಕ್ತದಲ್ಲಿದೆ. ಆ ತಾಯಿಯ ಮಗ ಶಾಲೆಯಲ್ಲಿ ಆ ಫೋಟೋವನ್ನು ಸಹಪಾಠಿಯ ಮೊಬೈಲಿನಲ್ಲಿ ನೋಡಿದರೆ ಅದು ನೋವಲ್ಲದೆ ಇನ್ನೇನು? ಅಂಗಡಿಯ ಬಿಲ್ಲು, ಕುಟುಂಬಗಳ ಸಂಖ್ಯೆ, ಇಬ್ಬರು ವಿಶ್ವಾಸಸ್ಥರ ಸಹಿ, ಇಷ್ಟು ಪುರಾವೆ ಸಾಲದೇ?

ಕರಾವಳಿಯಲ್ಲಿ ನಾವು ಚಂದಾವನ್ನು ವಂತಿಗೆ ಎನ್ನುತ್ತೇವೆ. ವಂತು ಎಂದರೆ ಪಾಲು. ಕನ್ನಡ ಓದಿದವನಾದ್ದರಿಂದ ಈ ಪದ ನನಗೆ ಇಷ್ಟ. ದಾನವೆಂದರೆ ಮೇಲಿನವನು ಕೆಳಗಿನವನಿಗೆ ಕೊಟ್ಟಂತೆ, ವಂತಿಗೆಯೆಂದರೆ ಎಲ್ಲರೂ ಹೊರುವ ಹೊರೆಯಲ್ಲಿ ತನ್ನ ಪಾಲು. 200 ಮನೆಗಳ ಜಮಾಅತಿನಲ್ಲಿ ತಿಂಗಳಿಗೆ ಮನೆಗೆ 100 ರೂಪಾಯಿಯಂತೆ ವರ್ಷಕ್ಕೆ 2,40,000 ಆಗುತ್ತದೆ. ಸಣ್ಣದಾದರೂ ನಿರಂತರವಾಗಿರುವ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂದು ಹದೀಸಿನಲ್ಲಿದೆಯಲ್ಲವೇ? ಕೊಡಲಾಗದ ಮನೆಗೆ ರಿಯಾಯಿತಿ ಇರಲಿ, ಅದು ಖಜಾಂಚಿಗೆ ಮಾತ್ರ ತಿಳಿದಿರಲಿ. ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂಬ ಲೆಕ್ಕ ತಿಂಗಳ ಮೊದಲ ಜುಮಾಕ್ಕೆ ಫಲಕದಲ್ಲಿರಲಿ, ಯಾರ ಹೆಸರೂ ಬೇಡ. ಉಳ್ಳವರ ಬಳಿ ಕೇಳುವಾಗ ಗೋಡೆಯ ಬದಲು ವಕ್ಫ್ ಕೇಳಿ. ಖೈಬರಿನಲ್ಲಿ ದೊರೆತ ತಮ್ಮ ಅತ್ಯುತ್ತಮ ಭೂಮಿಯನ್ನು ಉಮರ್(ರ) ಪ್ರವಾದಿಯವರ(ಸ) ಸಲಹೆಯಂತೆ ಮಾರದಂತೆ, ಉತ್ತರಾಧಿಕಾರಕ್ಕೆ ಹೋಗದಂತೆ ವಕ್ಫ್ ಮಾಡಿದರು. ಬಾಡಿಗೆ ಬರುವ ಒಂದು ಅಂಗಡಿ ಕೋಣೆ ಇದ್ದರೆ ಉಸ್ತಾದರ ಸಂಬಳಕ್ಕಾಗಿ ಪ್ರತಿ ತಿಂಗಳೂ ಕೈಚಾಚಬೇಕಿಲ್ಲ.

ಹೀಗೆಲ್ಲ ಮಾಡಿದರೆ ದೊಡ್ಡ ಮೊತ್ತ ಬರುವುದಿಲ್ಲ ಎನ್ನುವಿರಿ. ಮೊದಲ ವರ್ಷ ಬರಲಿಕ್ಕಿಲ್ಲ, ಒಪ್ಪುತ್ತೇನೆ. ಪ್ರವಾದಿಯವರ(ಸ) ಮಸೀದಿಯ ಕಂಬಗಳು ಖರ್ಜೂರದ ಕಾಂಡಗಳಾಗಿದ್ದವು, ಮಾಡು ಅದರ ಗರಿಗಳದ್ದಾಗಿತ್ತು. ಇನ್ನು ಫಲಕ ಕೇಳಿದ ಆ ಧನಿಕರ ಬಳಿಗೆ ಕಮಿಟಿಯ ಹಿರಿಯರಿಬ್ಬರು ಮೈಕಿಲ್ಲದೆ ಇನ್ನೊಮ್ಮೆ ಹೋಗಲಿ. ಮಕ್ಕಳು ವರಾಂಡದಲ್ಲಿ ಕುಳಿತು ಓದುತ್ತಿರುವುದನ್ನು ಹೇಳಲಿ, ಬಿಲ್ಲುಗಳನ್ನು ತೋರಿಸುವ ಮಾತು ಕೊಡಲಿ, ಹೆಸರಿಲ್ಲದೆ ಕೊಡಬಹುದೇ ಎಂದು ನೇರವಾಗಿ ಕೇಳಲಿ. ಈವರೆಗೆ ಅವರನ್ನು ಯಾರೂ ಹಾಗೆ ಕೇಳಿಯೇ ಇರಲಿಕ್ಕಿಲ್ಲ. ಅವರು ಒಪ್ಪದಿದ್ದರೆ ಸಲಾಮ್ ಹೇಳಿ ಬರಲಿ, ಸದ್ಯಕ್ಕೆ ಒಂದೇ ಕೋಣೆ ಕಟ್ಟಿ, ಬೆಳಿಗ್ಗೆ ಒಂದು ತರಗತಿ, ಸಂಜೆ ಒಂದು ತರಗತಿ ನಡೆಸಲಿ.