ರೋಗಿಯ ಋಣ

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ಹಿರಿಯರು ಹೇಳಿದ್ದಾರೆ. ದೇವಋಣ, ಪಿತೃಋಣಗಳೊಡನೆ ಅವರು ಎಣಿಸಿದ ಮತ್ತೊಂದು ಋಷಿಋಣ. ಪಡೆದ ವಿದ್ಯೆಯನ್ನು ಮುಂದಿನವರಿಗೆ ದಾಟಿಸದೆ ಅದು ತೀರುವುದಿಲ್ಲ. ಪಾಠ ಹೇಳಿಯೇ ಬದುಕಿದ ನಮಗೆ ಇದರ ಅರ್ಥ ತಿಳಿದಿದೆಯೆಂದೇ ಭಾವಿಸಿದ್ದೆವು. ಆ ಭಾವನೆಯನ್ನು ಅಲುಗಿಸಿದುದು ನಮ್ಮ ಮನೆಯಾಕೆಯ ಒಂದು ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಆಕೆ ಮಧುಮೇಹಕ್ಕೆ ಔಷಧಿ ಪಡೆಯುತ್ತಿದ್ದ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ನಡೆಯಿತು. ಒಪ್ಪಿಗೆಪತ್ರ ಕನ್ನಡದಲ್ಲಿ ಇರಲಿಲ್ಲ. ದಾದಿಯೊಬ್ಬರು ತುಳುವಿನಲ್ಲಿ ಬಿಡಿಸಿ ಹೇಳಿದರು. "ನಿಮಗಲ್ಲದಿದ್ದರೂ ನಾಳೆ ಬೇರೆಯವರಿಗೆ ಉಪಕಾರವಾದೀತು" ಎಂದರು ವೈದ್ಯರು. ಆಕೆ ಸಹಿ ಹಾಕಿದಳು. ಒಂದು ವರ್ಷ ಕಾಲ ಮೂರು ತಿಂಗಳಿಗೊಮ್ಮೆ ಬರಿಹೊಟ್ಟೆಯಲ್ಲಿ ಮೊದಲ ಬಸ್ಸು ಹಿಡಿದು ಹೋಗಿ ರಕ್ತ ಕೊಟ್ಟು ಬಂದಳು. ಆಮೇಲೆ ಯಾವ ಸುದ್ದಿಯೂ ಇಲ್ಲ. "ಅದು ಏನಾಯಿತಂತೆ?" ಎಂದು ಒಂದು ದಿನ ಕೇಳಿದಳು. ಮೊಮ್ಮಗ ಹುಡುಕಿ ತೋರಿಸಿದ. ಪ್ರಬಂಧವು ವಿದೇಶದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಓದಲು ಸಿಕ್ಕಿದ್ದು ನಾಲ್ಕು ಸಾಲಿನ ಸಾರಾಂಶ. ಉಳಿದುದಕ್ಕೆ ಡಾಲರಿನಲ್ಲಿ ಬೆಲೆ. "ನನ್ನ ರಕ್ತದ ಸುದ್ದಿ ಓದಲು ನಾನೇ ದುಡ್ಡು ಕೊಡಬೇಕೇ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಸಾಮಾನ್ಯರು ವೈದ್ಯಕೀಯ ಪ್ರಬಂಧ ಓದಿ ಮಾಡುವುದೇನು ಎಂದು ಕೇಳುವವರಿದ್ದಾರೆ. ನಾವು ಓದದಿದ್ದರೂ ನಮ್ಮ ಪರವಾಗಿ ಸಣ್ಣ ಊರಿನ ವೈದ್ಯರು ಓದಬೇಡವೇ? ಆಫ್ರಿಕಾದ ಲೈಬೀರಿಯದ ಕಥೆ ಕೇಳಿ. ಎಬೋಲಾ ರೋಗವು ತಮ್ಮ ಭಾಗದ್ದಲ್ಲವೆಂದೇ ಆ ದೇಶದವರು ನಂಬಿದ್ದರು. 2014ರಲ್ಲಿ ಅದು ಬಂದೆರಗಿತು. ಲೈಬೀರಿಯವೂ ಸೇರಿ ಮೂರು ದೇಶಗಳಲ್ಲಿ 11,000ಕ್ಕೂ ಹೆಚ್ಚು ಜನ ಸತ್ತರು. ಆದರೆ ಲೈಬೀರಿಯವನ್ನೂ ಎಬೋಲಾ ಇರುವ ಪ್ರದೇಶವೆಂದು ಎಣಿಸಬೇಕೆಂದು ಐರೋಪ್ಯ ಸಂಶೋಧಕರು 1982ರಲ್ಲಿಯೇ ಬರೆದಿದ್ದರು. ಆ ದೇಶದ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಬರ್ನಿಸ್ ಡಾನ್ ಮತ್ತು ಸಂಗಡಿಗರು 2015ರಲ್ಲಿ ನೋವಿನಿಂದ ಇದನ್ನು ಲೋಕಕ್ಕೆ ತಿಳಿಸಿದರು. ಅಂಥ ಒಂದು ಪ್ರಬಂಧ ಪಡೆಯಲು 45 ಡಾಲರು ಬೇಕಿತ್ತು. ಅದು ಅಲ್ಲಿನ ವೈದ್ಯರ ಅರ್ಧ ವಾರದ ಸಂಬಳ. ರಕ್ತ ಲೈಬೀರಿಯದ್ದು, ಅರಿವು ಮಾತ್ರ ಬೇರೆಯವರ ಕಪಾಟಿನದು.

ಕಪಾಟು ಎಂದಾಗ ನಮ್ಮ ತಪ್ಪೊಂದು ನೆನಪಾಗುತ್ತದೆ. ಮುಖ್ಯೋಪಾಧ್ಯಾಯರಾಗಿದ್ದಾಗ ಮಕ್ಕಳು ಹರಿದಾರೆಂಬ ಭಯದಿಂದ ಶಾಲೆಯ ಪುಸ್ತಕದ ಕಪಾಟಿಗೆ ಬೀಗ ಹಾಕಿಸಿದ್ದೆವು. ಮೂರು ವರ್ಷ ಕಳೆದು ತೆರೆದಾಗ ಗೆದ್ದಲು ಓದಿ ಮುಗಿಸಿತ್ತು. ಆದ್ದರಿಂದ ಪ್ರಕಾಶಕರನ್ನು ಮಾತ್ರ ದೂರುವ ಅಧಿಕಾರ ನಮಗಿಲ್ಲ. ಕಾಪಾಡುವುದಕ್ಕೂ ಬಚ್ಚಿಡುವುದಕ್ಕೂ ಇರುವ ಅಂತರ ಬಹಳ ತೆಳುವು.

ಈ ಬೀಗ ತೆಗೆಯುವ ಪ್ರಯತ್ನಕ್ಕೆ 2002ರಲ್ಲಿ ಬುಡಾಪೆಸ್ಟ್ ನಗರದ ಹೆಸರಿನ ಘೋಷಣೆಯೊಂದು ದಾರಿ ಹಾಕಿತು. ಸಂಶೋಧನಾ ಪ್ರಬಂಧಗಳು ಓದುವ ಎಲ್ಲರಿಗೂ ಉಚಿತವಾಗಿರಬೇಕೆಂಬುದು ಅದರ ಆಶಯ. ಇದನ್ನು ಮುಕ್ತ ಪ್ರಕಟಣೆ ಎನ್ನುತ್ತಾರೆ. 1913ರಿಂದ ನಡೆದುಬಂದಿರುವ ನಮ್ಮ ದೇಶದ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್' ಇಂದು ಹೀಗೆಯೇ ಓದುಗರಿಗೆ ಉಚಿತ. ಆದರೆ ಅನೇಕ ಪತ್ರಿಕೆಗಳಲ್ಲಿ ಓದುಗನ ತಲೆಯಿಂದ ಇಳಿದ ಹೊರೆ ಬರೆಯುವವನ ತಲೆಗೆ ಏರಿತು. ದೊಡ್ಡ ವಿದೇಶಿ ಪತ್ರಿಕೆಗಳು ಒಂದು ಪ್ರಬಂಧಕ್ಕೆ ಸಾವಿರಾರು ಡಾಲರು ಕೇಳುತ್ತವೆ. ಜಿಲ್ಲಾಸ್ಪತ್ರೆಯ ಪ್ರಾಮಾಣಿಕ ವೈದ್ಯನಿಗೆ ಅದು ಎಲ್ಲಿಂದ ಬರಬೇಕು? ಇದೇ ಸಂದಿನಲ್ಲಿ ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಸುಳ್ಳು ಪತ್ರಿಕೆಗಳೂ ಹುಟ್ಟಿಕೊಂಡವು.

ಆದ್ದರಿಂದ ಬಾಗಿಲು ತೆರೆದರಷ್ಟೇ ಸಾಲದು, ಬಾಗಿಲಲ್ಲಿ ಪರೀಕ್ಷಕನೂ ಇರಬೇಕು. ಸಾರ್ವಜನಿಕ ಪರೀಕ್ಷೆಯ ಮೌಲ್ಯಮಾಪನಕ್ಕೆ ಹೋದವರಿಗೆ ಇದರ ಮರ್ಮ ಗೊತ್ತು. ಉತ್ತರಪತ್ರಿಕೆ ಯಾರದೆಂದು ತಿಳಿಯದೆ, ಬರೆದುದನ್ನಷ್ಟೇ ನೋಡಿ ಅಂಕ ಕೊಡಬೇಕು. ಒಳ್ಳೆಯ ಪತ್ರಿಕೆಗಳಲ್ಲಿಯೂ ಅದೇ ವಿಷಯ ಬಲ್ಲ ಇತರ ತಜ್ಞರು ಪ್ರಬಂಧವನ್ನು ಪರಿಶೀಲಿಸಿ ತಪ್ಪು ತೋರಿಸುತ್ತಾರೆ, ಸಾಮಾನ್ಯವಾಗಿ ಸಂಭಾವನೆಯಿಲ್ಲದೆ. ಅವರ ಕಣ್ಣೂ ತಪ್ಪುವುದುಂಟು. 1998ರಲ್ಲಿ ಇಂಗ್ಲೆಂಡಿನ ಹೆಸರಾಂತ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಕೇವಲ 12 ಮಕ್ಕಳ ಮೇಲಿನ ಪ್ರಬಂಧವೊಂದು ಬಂದು, ದಡಾರ ಮೊದಲಾದವುಗಳ ಲಸಿಕೆಯ ಬಗ್ಗೆ ತಂದೆತಾಯಿಗಳಲ್ಲಿ ಭಯ ಬಿತ್ತಿತು. ಪತ್ರಿಕೆ ಅದನ್ನು ಪೂರ್ಣವಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ. ಹನ್ನೆರಡು ವರ್ಷಗಳಲ್ಲಿ ಲಸಿಕೆ ಬೇಡವೆಂದ ಮನೆಗಳೆಷ್ಟೋ! ಕೆಟ್ಟ ಪ್ರಬಂಧವೂ ರೋಗಿಗೆ ಬಗೆಯುವ ದ್ರೋಹವೇ.

ಹಾಗಾದರೆ ಋಣ ತೀರುವುದು ಹೇಗೆ? ರೋಗಿಯ ದೇಹದಿಂದ ಕಲಿತುದು ರೋಗಿಯ ಸಾಲ. ಅದನ್ನು ಸತ್ಯವಾಗಿ ಬರೆಯಬೇಕು, ಬಲ್ಲವರಿಂದ ತಿದ್ದಿಸಬೇಕು, ಬೀಗವಿಲ್ಲದ ಜಾಗದಲ್ಲಿ ಇಡಬೇಕು. ಔಷಧಿ ಫಲಿಸದಿದ್ದರೆ ಅದನ್ನೂ ಹೇಳಬೇಕು. 1964ರಲ್ಲಿ ಮೊದಲು ಅಂಗೀಕೃತವಾಗಿ ಮತ್ತೆ ಮತ್ತೆ ಪರಿಷ್ಕೃತವಾದ ಹೆಲ್ಸಿಂಕಿ ಘೋಷಣೆಯೂ ಈಗ ಇದನ್ನೇ ವಿಧಿಸುತ್ತದೆ. ಫಲಿಸದ ಮದ್ದಿನ ಸುದ್ದಿ ಮುಚ್ಚಿಟ್ಟರೆ ಇನ್ನೊಂದು ಊರಿನಲ್ಲಿ ಇನ್ನೊಬ್ಬಾಕೆ ಅದೇ ಮದ್ದಿಗಾಗಿ ಬರಿಹೊಟ್ಟೆಯಲ್ಲಿ ಬಸ್ಸು ಹತ್ತುತ್ತಾಳೆ.

ಗಡಿಯಲ್ಲಿ ಬದುಕುವ ನಮಗೆ ಇನ್ನೊಂದು ಮಾತು ಹೇಳಲಿಕ್ಕಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ವಯನಾಡಿಗೂ ಬಂದಿದೆ. ರೋಗವು ರಾಜ್ಯವನ್ನೂ ಭಾಷೆಯನ್ನೂ ಕೇಳಿ ಬರುವುದಿಲ್ಲ. ಒಪ್ಪಿಗೆಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿಯೇ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಒಪ್ಪಿಗೆ ಕೇಳುವ ಭಾಷೆಯಲ್ಲಿಯೇ ಫಲವನ್ನೂ ತಿಳಿಸುವುದು ನ್ಯಾಯವಲ್ಲವೇ? ಪ್ರತಿ ಪ್ರಬಂಧದೊಡನೆ ರೋಗಿಯ ಭಾಷೆಯಲ್ಲಿ ಒಂದು ಪುಟದ ಸಾರ ಇರಲಿ. ಕನ್ನಡದಲ್ಲಿ ಬರೆದುಕೊಡಲು ನಮ್ಮ ಸಂಘದಲ್ಲಿ ವೈದ್ಯರೂ ಇದ್ದಾರೆ, ನಿವೃತ್ತ ಅಧ್ಯಾಪಕರೂ ಇದ್ದೇವೆ. ಮುಂದೆ ಯಾರಾದರೂ ಸಂಶೋಧನೆಗೆಂದು ಸಹಿ ಕೇಳಿದರೆ, ನಮ್ಮವರು ಸಂತೋಷದಿಂದ ಸಹಿ ಹಾಕಲಿ. ಹಾಕುವ ಮೊದಲು "ಫಲವನ್ನು ನಮಗೆ ಯಾವಾಗ, ಯಾವ ಭಾಷೆಯಲ್ಲಿ ತಿಳಿಸುತ್ತೀರಿ?" ಎಂದು ಒಮ್ಮೆ ಕೇಳಲಿ.